ಎಂಟು ಸಾವಿರದ ಎಂಬತ್ತನೇ ಪೋರ್ಟು

ಶನಿವಾರಸಂತೆಯ ಸಿದ್ದಬಸಪ್ಪನವರ ಕಾಫಿ ಮಂಡಿಯಲ್ಲಿ ಕುಸುಮಾಳಿಗೆ ಮೂರು ಕೆಲಸ. ಬೆಳಿಗ್ಗೆ ಬಂದು ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂದಿನ ರೇಟು ಬರೆಯುವುದು, ಬೆಳೆಗಾರರು ಸಿಪ್ಪೆಸಮೇತ ಒಣಗಿಸಿ ತಂದ ಚೆರಿ ಕಾಫಿಯ ಸ್ಯಾಂಪಲ್ಲಿಗೆ ಹೆಸರಿನ ಚೀಟಿ ಕಟ್ಟಿ ಕಪಾಟಿನಲ್ಲಿಡುವುದು, ಆಮೇಲೆ ಫೋನು. ಮೊದಲಿನೆರಡನ್ನು ಅವಳು ಹಬ್ಬದ ಬೆಳಿಗ್ಗೆ ರಂಗೋಲಿ ಇಟ್ಟಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದಳು. ಮೂರನೆಯದು ಅವಳ ಪಾಲಿನ ಶನಿ. ಊರಿಗೆಲ್ಲ ಶನಿವಾರ ವಾರಕ್ಕೊಮ್ಮೆ ಬಂದರೆ, ಕುಸುಮಾಳ ಶನಿ ದಿನಾಲೂ ರಿಂಗ್ ಮಾಡಿಕೊಂಡೇ ಬರುತ್ತಿತ್ತು.

ಫೋನು ಮಾಡುವವರು ರೇಟು ಕೇಳಿ ಸುಮ್ಮನಾಗಿದ್ದರೆ ಅವಳು ಹೇಗೋ ಸುಧಾರಿಸಿಕೊಳ್ಳುತ್ತಿದ್ದಳು. ಆದರೆ ಕಾಫಿ ಬೆಳೆಗಾರರು ಒಂದು ಮಾತು ಕೇಳಲು ಫೋನು ಮಾಡುವ ಜನ ಅಲ್ಲ. "ಕುಸುಮಾ, ಇವತ್ತು ಚೆರಿ ಎಷ್ಟು? ನಾಳೆ ಏರ್ತದಾ? ನಿಮ್ಮ ಕಡೆ ಕಾಫಿಗೆ ಹೂಮಳೆ ಆಯ್ತಾ? ನಿಂಗೆ ಗಂಡು ಗೊತ್ತಾಯ್ತಾ?" ಎಂದು ಒಂದೇ ಉಸಿರಿಗೆ ಕೇಳುತ್ತಿದ್ದರು. ಮೊದಲ ಪ್ರಶ್ನೆಗೆ ಉತ್ತರ ಗಂಟಲವರೆಗೆ ಬರುವಷ್ಟರಲ್ಲಿ ನಾಲ್ಕನೆಯದು ಬಂದು ಕೂತಿರುತ್ತಿತ್ತು. ಒಮ್ಮೆ ‘ನಾಳೆ ಏರ್ತದಾ’ ಎಂಬುದಕ್ಕೆ ಅವಳು ಹೇಳಿದ ‘ಹ್ಞೂಂ’ ತಡವಾಗಿ ಹೋಗಿ ‘ಗಂಡು ಗೊತ್ತಾಯ್ತಾ’ ಎಂಬುದಕ್ಕೆ ಅಂಟಿಕೊಂಡಿತು. ಆ ವಾರವಿಡೀ ಅವಳ ಅಮ್ಮ ಕಾಂತಮ್ಮನಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಮದುವೆ ಊಟ ಯಾವಾಗ ಎಂದು ಕೇಳಿದ್ದೇ ಕೇಳಿದ್ದು. ಕಾಂತಮ್ಮ ಮನೆಗೆ ಬಂದು, "ಗಂಡು ಯಾರು ಅಂತ ನಂಗಾದ್ರೂ ಹೇಳ್ಬಾರ್ದೇನೇ?" ಎಂದು ಅತ್ತಿದ್ದಳು.

ಹೀಗಿರುವಾಗ ಸಿದ್ದಬಸಪ್ಪನವರ ಸೋದರಳಿಯ ಶಿವಪ್ರಕಾಶ್ ಒಂದು ಉಪಾಯ ತಂದ. ಅವನು ಕುಶಾಲನಗರದಲ್ಲಿ ಪ್ರಿಂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ರಿಪೇರಿಗೆ ಬಂದ ಪ್ರಿಂಟರುಗಳು ಬಿಡಿಭಾಗ ಬರಲೆಂದು ಕಾಯುತ್ತ ಕೂತಿರುವಾಗ ಇವನು ವಿಡಿಯೋ ನೋಡಿ ನೋಡಿ ಪ್ರೋಗ್ರಾಂ ಬರೆಯುವುದು ಕಲಿತಿದ್ದ. "ಮಾವ, ಹಲಗೆ ಮೇಲೆ ಬರೆಯೋ ರೇಟ್ನ ಎಲ್ಲರ ಮೊಬೈಲಿಗೆ ಬರೋ ಹಂಗೆ ಮಾಡ್ತೀನಿ. ಲಿಂಕ್ ಒತ್ತಿದ್ರೆ ಸಾಕು, ಫೋನ್ ಮಾಡಿ ಕೇಳೋದೇ ಬೇಡ" ಎಂದ.

ಫೋನ್ ಮಾಡಿ ಕೇಳೋದೇ ಬೇಡ! ಸ್ಯಾಂಪಲ್ಲಿಗೆ ಚೀಟಿ ಕಟ್ಟುತ್ತಿದ್ದ ಕುಸುಮಾಳ ಕೈಯಲ್ಲಿ ದಾರ ಗಂಟಾಯಿತು.

ಸಿದ್ದಬಸಪ್ಪನವರು ಹಣೆಯ ವಿಭೂತಿಯ ಕೆಳಗೆ ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದರು. "ನೋಡು, ಈ ಸಂತೆ ದಿನ ಸಂಜೆಯೊಳಗೆ ಬಂದ್ರೆ ಇಟ್ಕಳಣ. ಬರ್ನಿಲ್ವಾ, ನಿನ್ನ ಕಂಪ್ಯೂಟರ್ ಡಬ್ಬ ಎತ್ಕಂಡು ಹೋಗು. ಫೋನ್ನ ಕುಸುಮಾ ಹೆಂಗೂ ನೋಡ್ಕತಾಳೆ. ಬಾಯಿ ಕಮ್ಮಿ, ಒಳ್ಳೆ ಹುಡುಗಿ."

ಬಾಯಿ ಕಮ್ಮಿ ಎಂಬುದನ್ನೇ ನೋಡಿ ಇಡೀ ಊರಿನೊಂದಿಗೆ ಮಾತಾಡುವ ಕೆಲಸ ಕೊಟ್ಟವರು ಭೂಮಿಯ ಮೇಲೆ ಇವರೊಬ್ಬರೇ ಇರಬೇಕು ಎಂದು ಕುಸುಮಾ ಅಂದುಕೊಂಡಳು. ಅಂದುಕೊಂಡಳು ಅಷ್ಟೇ. ಆ ಸಂಜೆ ಮನೆಗೆ ಹೋಗುವಾಗ, ರೇಟು ಮೊಬೈಲಿಗೆ ಬರುವಂತಾಗಲಿ ಎಂದು ವೀರಭದ್ರಸ್ವಾಮಿಗೆ ತೆಂಗಿನಕಾಯಿ ಹರಸಿಕೊಂಡಳು.

ಶನಿವಾರ ಬಂತು. ಮಂಡಿಯ ಮೂಲೆಯ ಮೇಜಿನ ಕೆಳಗೆ ಶಿವಪ್ರಕಾಶ್ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಅದರೆದುರು ಸ್ಟೂಲಿನ ಮೇಲೆ ಕೂತ. ಹೊರಗೆ ಸಂತೆ ಕೂಡುತ್ತಿತ್ತು. ಒಳಗೆ ಅವನ ಬೆವರು ಕೂಡುತ್ತಿತ್ತು. ಸಿದ್ದಬಸಪ್ಪನವರು ಮೊಬೈಲನ್ನು ಕಣ್ಣಿನಿಂದ ಮೊಳ ದೂರ ಹಿಡಿದು ನೋಡಿದರು.

"ಏನೂ ಇಲ್ವಲ್ಲೋ. ಇಂಗ್ಲಿಷಲ್ಲಿ ಅದೇನೋ ಬೈತಾ ಇದೆ."

"ಬೈತಾ ಇಲ್ಲ ಮಾವ, ಸಿಗ್ತಾ ಇಲ್ಲ ಅಂತಿದೆ. ಒಳಗೆ ಎಲ್ಲಾ ಸರಿಯಾಗಿದೆ. ಹೊರಗಿನವರಿಗೆ ದಾರಿ ಸಿಕ್ತಾ ಇಲ್ಲ."

"ದಾರಿ ಸಿಗ್ದಿರೋದಕ್ಕೆ ಇದೇನು ಕಾಡಾ?" ಎಂದು ಗೊಣಗುತ್ತ ಅವರು ಹಿಂದಿನ ಗೋಡೌನಿಗೆ, ತಕ್ಕಡಿಯ ಹತ್ತಿರಕ್ಕೆ ಹೋದರು.

ಮೇಜಿನ ಮೇಲೆ ಅಂಗಡಿಯ ಫೋನು ಅಲ್ಲಾಡತೊಡಗಿತು. ಕುಸುಮಾ ಗಾಬರಿಯಿಂದ ಶಿವಪ್ರಕಾಶನ ಕಡೆ ನೋಡಿದಳು. "ಪ್ರಕಾಶಣ್ಣ, ರೇಟು ಯಾಕೆ ಬಂದಿಲ್ಲ ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಅವನು ಪರದೆಯಿಂದ ತಲೆ ಎತ್ತಲಿಲ್ಲ. "ಕಂಟೈನರ್ ಓಡ್ತಾ ಇದೆ, ಪೋರ್ಟ್ ಇನ್ನೂ ಓಪನ್ ಆಗಿಲ್ಲ, ಅದಾದ್ಮೇಲೆ ರೇಟ್ ಸಿಗುತ್ತೆ ಅಂತ ಹೇಳು."

ಸಿದ್ಧವಾದ ಮಾತು ಸಿಕ್ಕಿದರೆ ಕುಸುಮಾಳಿಗೆ ಅರ್ಧ ಭಯ ಹೋದ ಹಾಗೆ. ಮಗ್ಗಿ ಒಪ್ಪಿಸುವವಳಂತೆ ಮನಸ್ಸಿನಲ್ಲೇ ಅದನ್ನು ಹೇಳಿಕೊಂಡು ಫೋನು ಎತ್ತಿದಳು.

ಆ ಕಡೆ ಪುಟ್ಟಸ್ವಾಮಿ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ರೈತ. ಶುಂಠಿ ಬೆಳೆಯುತ್ತಿದ್ದವನು ಈಚೆಗೆ ಒಂದಿಷ್ಟು ಕಾಫಿಯನ್ನೂ ಮಾಡಿ, ಹೊಸದಾಗಿ ಕಾಫಿಗೆ ಬಿದ್ದವರ ಹಾಗೆ ಎಲ್ಲರಿಗಿಂತ ಹೆಚ್ಚು ಚಿಂತೆ ಮಾಡುತ್ತಿದ್ದ. ಮಂಡಿಯ ಎದುರಿಗಿರುವ ಗಂಗಣ್ಣನ ಹೋಟೆಲಿನಲ್ಲಿ ಕೂತೇ ಫೋನು ಮಾಡಿದ್ದ. ರಸ್ತೆ ದಾಟಿದರೆ ದೋಸೆ ಆರುತ್ತದೆ.

"ಅವ್ವಾ ಕುಸುಮಾ, ರೇಟು ಮೊಬೈಲಲ್ಲಿ ಬತ್ತದೆ ಅಂದಿದ್ರಿ, ಎಲ್ಲವ್ವಾ?"

"ಕಂಟೈನರ್ ಓಡ್ತಾ ಇದೆ. ಪೋರ್ಟ್ ಇನ್ನೂ ಓಪನ್ ಆಗಿಲ್ಲ. ಅದಾದ್ಮೇಲೆ ರೇಟ್ ಸಿಗುತ್ತೆ."

ಆ ಕಡೆ ದೋಸೆ ಅಗಿಯುವ ಸದ್ದು ನಿಂತಿತು. "ಪೋರ್ಟಾ? ಯಾವ ಪೋರ್ಟವ್ವಾ?"

ಈ ಪ್ರಶ್ನೆ ಪಾಠದಲ್ಲಿರಲಿಲ್ಲ. ಕುಸುಮಾ ಶಿವಪ್ರಕಾಶನ ಕಡೆ ಕಣ್ಣು ಹಾಯಿಸಿದಳು. ಅವನು ತನ್ನಷ್ಟಕ್ಕೆ ‘ಎಂಟು ಸಾವಿರದ ಎಂಬತ್ತು, ಎಂಟು ಸಾವಿರದ ಎಂಬತ್ತು’ ಎಂದು ಜಪ ಮಾಡುತ್ತಿದ್ದ.

"ಎಂಟು ಸಾವಿರದ ಎಂಬತ್ತು" ಎಂದಳು.

"ಅಯ್ಯಯ್ಯೋ! ಹೊರಗಿನೋರ್ಗೆ ಏನೂ ಹೋಗ್ತಿಲ್ವಾ ಅಂಗಾರೆ?"

"ಇಲ್ಲ. ಎಲ್ಲಾ ಒಳಗೇ ಇದೆ."

ಫೋನು ಕಟ್ಟಾಯಿತು. ಮಳೆಯ ವಿಷಯ ಇಲ್ಲ, ಗಂಡಿನ ವಿಷಯ ಇಲ್ಲ. ಇಷ್ಟು ಚೊಕ್ಕವಾಗಿ ಫೋನು ಮುಗಿದದ್ದು ಅವಳ ಕೆಲಸದಲ್ಲೇ ಮೊದಲು. ಆ ಮಾತಿನಲ್ಲಿ ಏನೋ ಶಕ್ತಿ ಇದೆ ಎನ್ನಿಸಿ, ಆಮೇಲೆ ಬಂದ ಪ್ರತಿ ಕರೆಗೂ ಅದನ್ನೇ ಹೇಳಿದಳು. ಎಲ್ಲರೂ ‘ಹಾಂ?’ ಎಂದು ಹೌಹಾರಿ ಫೋನು ಇಟ್ಟರು. ಕುಸುಮಾಳಿಗೆ ಹಿತವಾಯಿತು.

ಅವಳಿಗೆ ಹೊಳೆಯದಿದ್ದದ್ದು ಇಷ್ಟೇ. ಕಾಫಿಯವರ ಕಿವಿಗೆ ಕಂಟೈನರ್ ಎಂದರೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ಮೂಟೆ ತುಂಬಿಕೊಂಡು ಘಟ್ಟ ಇಳಿಯುವ ಉದ್ದನೆಯ ಲಾರಿ. ಪೋರ್ಟ್ ಎಂದರೆ ಹಡಗು ನಿಲ್ಲುವ ಬಂದರು. ಹಡಗು ಹೊರಟರೆ ರೇಟಿಗೆ ಜೀವ, ನಿಂತರೆ ರೇಟು ಮಲಗಿತು. ಕಾಫಿಯವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಗಂಗಣ್ಣನ ಹೋಟೆಲಿನಲ್ಲಿ ಮಾತು ಇಡ್ಲಿಯ ಹಾಗೆ ಬೇಗ ಉಬ್ಬುತ್ತದೆ. ಪುಟ್ಟಸ್ವಾಮಿ ಇಟ್ಟದ್ದು ಒಂದು ಪೋರ್ಟು. ಪಕ್ಕದ ಮೇಜಿನಲ್ಲಿ ಅದು ದೇಶದ ಪೋರ್ಟೆಲ್ಲ ಆಯಿತು. ಕೈ ತೊಳೆಯುವ ಜಾಗಕ್ಕೆ ಬರುವಷ್ಟರಲ್ಲಿ ಎಂಟು ಸಾವಿರದ ಎಂಬತ್ತು ಕಂಟೈನರುಗಳು ಒಳಗೆ ಹೋಗಲು ಜಾಗವಿಲ್ಲದೆ ರಸ್ತೆಯ ಮೇಲೆ ಸುಮ್ಮನೆ ಓಡಾಡುತ್ತಿದ್ದವು. "ಡೀಸೆಲ್ ಯಾರು ಹಾಕ್ತಾರೆ ಅದಕ್ಕೆ?" ಎಂದು ಗಂಗಣ್ಣ ನಿಜವಾಗಿಯೂ ನೊಂದುಕೊಂಡು ಕೇಳಿದ. ರೇಟು ಬಿದ್ದೇ ಬೀಳುತ್ತದೆ, ಬೀಳುವ ಮೊದಲು ಇರುವ ಚೆರಿ ಕೊಟ್ಟು ಕೈ ತೊಳೆದುಕೊಳ್ಳಬೇಕು ಎಂಬುದಂತೂ ಎಲ್ಲರಿಗೂ ಖಾತ್ರಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಮಂಡಿಯ ಮುಂದೆ ಪಿಕಪ್ಪು, ಜೀಪು, ಆಟೋ. ಸಂತೆಗೆ ಬಂದ ಬಾಳೆಕಾಯಿ ಗಾಡಿ ಒಂದು ನಡುವೆ ಸಿಕ್ಕಿಬಿದ್ದು, ಹಿಂದೆಯೂ ಹೋಗಲಾರದೆ ಮುಂದೆಯೂ ಹೋಗಲಾರದೆ, ಅಲ್ಲೇ ವ್ಯಾಪಾರ ಶುರು ಮಾಡಿತ್ತು. ಮಾದಾಪುರದ ಕಡೆಯ ತಂಗಮ್ಮ ಮನೆಯ ಕಣದಲ್ಲಿ ಇನ್ನೂ ಅರೆಬರೆ ಒಣಗಿದ್ದ ಚೆರಿಯನ್ನೂ ಗುಡಿಸಿಕೊಂಡು, ತಾವೇ ಜೀಪು ಓಡಿಸಿಕೊಂಡು ಬಂದಿದ್ದರು. ಮಳೆ ಬಂದರೂ ಜಗ್ಗದ, ರೇಟು ಏರುವವರೆಗೆ ಚೀಲದ ಬಾಯಿ ಬಿಚ್ಚದ ಹೆಂಗಸು ಎಂದು ಹೆಸರಾದವರು.

ಎಲ್ಲರೂ ಕೊಳ್ಳಲು ಬಂದರೆ ವ್ಯಾಪಾರಿಗೆ ಖುಷಿ. ಎಲ್ಲರೂ ಮಾರಲು ಬಂದರೆ ಅವನಿಗೆ ಅನುಮಾನ. ಸಿದ್ದಬಸಪ್ಪನವರು ತಕ್ಕಡಿಯ ಪಕ್ಕ ನಿಂತು ಸಾಲನ್ನು ನೋಡಿದರು, ಮತ್ತೆ ನೋಡಿದರು. ಪುಟ್ಟಸ್ವಾಮಿಯ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದರು.

"ಏನಪ್ಪಾ ಸಮಾಚಾರ?"

"ಗೊತ್ತಿಲ್ಲದೋರ ತರ ಕೇಳ್ತೀರಲ್ಲ ಸಾವ್ಕಾರ್ರೆ. ಪೋರ್ಟ್ ಬಂದ್! ಕಂಟೈನರೆಲ್ಲ ನಡುರಸ್ತೇಲಿ ಓಡಾಡ್ತಾವಂತೆ. ದೊಡ್ಡ ಜಾಗದಿಂದ ಬಂದಿರೋ ಸುದ್ದಿ."

ದೊಡ್ಡ ಜಾಗ ಎಂದರೆ ತಮ್ಮದೇ ಅಂಗಡಿ ಎಂದು ಅವರಿಗೇನು ಗೊತ್ತು? ಸಿದ್ದಬಸಪ್ಪನವರ ಮುಖದ ಬಣ್ಣ ವಿಭೂತಿಯ ಬಣ್ಣವೇ ಆಯಿತು. "ತೂಕ ನಿಲ್ಸ್ರೋ!" ಎಂದು ಕೂಗಿದರು. "ಇವತ್ತು ಒಂದು ಕಾಳೂ ತಗಳಲ್ಲ!"

ಅಲ್ಲಿಗೆ ಇದ್ದ ಚೂರು ಅನುಮಾನವೂ ಎಲ್ಲರಿಗೂ ತೀರಿತು. ಸಾವುಕಾರರೇ ಕೊಳ್ಳುತ್ತಿಲ್ಲ ಎಂದರೆ! ಸಾಲು ಒಡೆದು ಜನ ಮಂಡಿಯೊಳಕ್ಕೆ ನುಗ್ಗಿದರು. ನಿನ್ನೆಯ ರೇಟಿಗಾದರೂ ತಗೊಳ್ಳಿ ಎಂದರು ಕೆಲವರು. ಇನ್ನು ಕೆಲವರು ಬರೀ ಕೂಗಿದರು. ಸಿದ್ದಬಸಪ್ಪನವರು ಕುಸುಮಾಳ ಮೇಜಿಗೆ ಎರಡೂ ಕೈ ಊರಿ ಕೇಳಿದರು: "ಪೋರ್ಟ್ ಬಂದ್ ಆಗಿದೆಯಂತೆ ಕಣೇ. ಬೆಳಿಗ್ಗೆ ನಿಂಗೆ ಯಾರಾದ್ರೂ ಫೋನಲ್ಲಿ ಹೇಳಿದ್ರಾ?"

ಯಾರೂ ಹೇಳಿರಲಿಲ್ಲ. ಅವಳೇ ಹೇಳಿದ್ದಳು.

ಬೆಳಗಿನಿಂದ ಫೋನಿನಲ್ಲಿ ಕೇಳಿದ ‘ಹಾಂ?’ಗಳೆಲ್ಲ ಒಟ್ಟಿಗೆ ಕುಸುಮಾಳಿಗೆ ನೆನಪಾದವು. ಈಗ ನಿಜ ಹೇಳಿದರೆ ಸಾವುಕಾರರು ಮೊದಲು ಮಾಡುವ ಕೆಲಸ ಆ ಡಬ್ಬವನ್ನು ಎತ್ತಿ ರಸ್ತೆಗೆ ಎಸೆಯುವುದು. ಎರಡನೆಯ ಕೆಲಸ ಫೋನನ್ನು ಅವಳ ಮುಂದಕ್ಕೆ ಸರಿಸುವುದು. ಜನ್ಮವಿಡೀ ಚೆರಿ ಎಷ್ಟು, ಹೂಮಳೆ ಆಯ್ತಾ, ಗಂಡು ಗೊತ್ತಾಯ್ತಾ. ಸುಮ್ಮನಿದ್ದರೆ? ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುವ ವಿದ್ಯೆ. ಯಾರಿಗೂ ಅನುಮಾನ ಬರುವುದಿಲ್ಲ.

ಆದರೆ ಅವಳ ಕಣ್ಣು ತಂಗಮ್ಮನ ಕೈಯ ಮೇಲೆ ಬಿತ್ತು. ಗುಡಿಸಿ ತಂದ ಚೆರಿಯನ್ನು ಮುಷ್ಟಿಯಲ್ಲಿ ಹಿಡಿದು, ಒಣಗಿದ ಕಾಯನ್ನೂ ಒಣಗದ ಕಾಯನ್ನೂ ಹೆಬ್ಬೆರಳಿನಿಂದ ಬೇರೆ ಮಾಡುತ್ತ, "ಯಾರಾದರೂ ತಗೊಂಡರೆ ಕೊಟ್ಟು ಬಿಡುವ ಅಂತ" ಎಂದು ಯಾರಿಗೋ ಹೇಳುತ್ತಿದ್ದರು. ಅವರ ಬಾಯಲ್ಲಿ ಆ ಮಾತನ್ನು ಕುಸುಮಾ ಕೇಳಿದ್ದೇ ಇಲ್ಲ.

"ಅಲ್ಲ, ಯಾವ ಪೋರ್ಟು ಅದು?" ಎಂದು ತಂಗಮ್ಮನೇ ಕೇಳಿದರು. "ಮಂಗಳೂರಾ, ಕೊಚ್ಚಿಯಾ?"

"ಎಂಟು ಸಾವಿರದ ಎಂಬತ್ತನೇ ಪೋರ್ಟಂತೆ" ಎಂದ ಪುಟ್ಟಸ್ವಾಮಿ.

"ಎಂಟು ಸಾವಿರ ಪೋರ್ಟು ಉಂಟಾ ನಮ್ಮ ದೇಶದಲ್ಲಿ? ಎಂತ ಮಾತಾಡ್ತೀರಿ?"

"ಚೀನಾದ್ದಿರಬೇಕು" ಎಂದ ಪುಟ್ಟಸ್ವಾಮಿ.

"ಅದು ಇಲ್ಲೇ ಇದೆ" ಎಂದಳು ಕುಸುಮಾ.

ಯಾರಿಗೂ ಕೇಳಿಸಲಿಲ್ಲ. ಅವಳು ಸ್ಯಾಂಪಲ್ಲಿನ ತಗಡಿನ ಡಬ್ಬ ತೆಗೆದು ಮೇಜಿಗೆ ಕುಕ್ಕಿದಳು. ಸದ್ದಿಗೆ ಎಲ್ಲರೂ ತಿರುಗಿದರು. ಸಂತೆಯ ಅಷ್ಟು ಮುಖಗಳು ಒಟ್ಟಿಗೆ ತನ್ನನ್ನು ನೋಡುವುದನ್ನು ಕಂಡು ಅವಳಿಗೆ ಡಬ್ಬದೊಳಗೇ ಹೊಕ್ಕುಬಿಡೋಣ ಎನ್ನಿಸಿತು. ಆದರೂ ಬೆರಳು ತಾನಾಗಿ ಮೂಲೆಯ ಮೇಜಿನ ಕೆಳಗೆ ತೋರಿಸಿತು.

"ಪೋರ್ಟು ಅಲ್ಲಿದೆ. ಕಂಟೈನರೂ ಅದರೊಳಗೇ ಇರೋದು. ಫೋನಲ್ಲಿ ಹೇಳಿದ್ದು ನಾನೇ. ಹಡಗಿಂದಲ್ಲ, ಪ್ರಕಾಶಣ್ಣಂದು."

ಪುಟ್ಟಸ್ವಾಮಿ ಪಂಚೆ ಎತ್ತಿಕಟ್ಟಿ, ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿ ನೋಡಿದ. ಅವನ ಹಿಂದೆ ಇನ್ನೂ ಕೆಲವರು ಬಗ್ಗಿದರು. ಧೂಳು, ವೈರು, ಒಂದು ಜೇಡ.

"ಇದರೊಳಗೆ ಎಂಟು ಸಾವಿರ ಕಂಟೈನರಾ?" ಎಂದು ಪುಟ್ಟಸ್ವಾಮಿ ಅಡಿಯಿಂದಲೇ ಕೇಳಿದ.

"ಪ್ರಕಾಶಾ!" ಎಂದರು ಸಿದ್ದಬಸಪ್ಪನವರು. ಅದು ಹೆಸರು ಕರೆದ ಹಾಗಿರಲಿಲ್ಲ.

ಶಿವಪ್ರಕಾಶ್ ಬೆಳಗಿನಿಂದ ಮೊದಲ ಬಾರಿಗೆ ಪರದೆಯಿಂದ ತಲೆ ಎತ್ತಿದ. ಸುತ್ತ ಇಷ್ಟು ಜನ ಯಾವಾಗ ಬಂದರು ಎಂದು ಅವನಿಗೆ ಗೊತ್ತೇ ಇರಲಿಲ್ಲ. "ಅಯ್ಯೋ ಮಾವ, ಇದು ಲಾರಿ ಕಂಟೈನರ್ ಅಲ್ಲ. ಪ್ರೋಗ್ರಾಂನ ಒಂದು ಡಬ್ಬದೊಳಗೆ ಹಾಕಿ ಮುಚ್ಚಿಡೋದು. ಅದಕ್ಕೆ ಬೇಕಾದ್ದೆಲ್ಲ ಒಳಗೇ ಇರುತ್ತೆ. ಅದಕ್ಕೆ ಕಂಟೈನರ್ ಅನ್ನೋದು."

"ಡಬ್ಬ ಅನ್ನಕ್ಕೆ ಏನಾಗಿತ್ತು ನಿಂಗೆ?" ಎಂದು ಮಾವ ಗದರಿದರು.

"ಮತ್ತೆ ಪೋರ್ಟು?" ಎಂದರು ತಂಗಮ್ಮ, ಮುಷ್ಟಿಯ ಚೆರಿ ಬಿಡದೆ.

"ಪೋರ್ಟ್ ಅಂದ್ರೆ ಬಾಗಿಲು ಆಂಟಿ. ಈಗ ಈ ಮಂಡೀನೇ ಕಂಪ್ಯೂಟರ್ ಅಂದ್ಕೊಳ್ಳಿ. ಹಿಂದಿರೋ ಗೋಡೌನು ಕಂಟೈನರ್. ಹೊರಗಿನವರಿಗೆ ಗೋಡೌನಿನ ಬಾಗಿಲು ಕಾಣಲ್ಲ, ಅಲ್ವಾ? ರಸ್ತೆ ಬಾಗಿಲು ಮಾತ್ರ ಕಾಣೋದು. ರಸ್ತೆ ಬಾಗಿಲು ಎಂಟು ಸಾವಿರದ ಎಂಬತ್ತು. ಗೋಡೌನ್ ಬಾಗಿಲು ಬರೀ ಎಂಬತ್ತು. ಯಾವ ಬಾಗಿಲಿಂದ ಯಾವ ಬಾಗಿಲಿಗೆ ಕಳಿಸಬೇಕು ಅಂತ ನಾನು ಬರೆದಿಟ್ರೆ ಮುಗೀತು. ಬರ್ದಿದೀನಿ ನೋಡಿ, ಮೊದಲು ಎಂಬತ್ತು, ಆಮೇಲೆ ಎಂಟು ಸಾವಿರದ ಎಂಬತ್ತು. ಅಂದ್ರೆ ಗೋಡೌನ್ ಬಾಗಿಲಿಂದ ಹೊರಟು, ರಸ್ತೆ ಬಾಗಿಲಿಗೆ..."

"ಅದು ಕಳ್ಳ ಹೋಗುವ ದಾರಿ ಅಲ್ವಾ ಮಾರಾಯ!" ಎಂದರು ತಂಗಮ್ಮ.

ಎಲ್ಲರೂ ಹೋ ಎಂದು ನಕ್ಕರು. ಶಿವಪ್ರಕಾಶ್ ನಗಲಿಲ್ಲ. ನಿಧಾನವಾಗಿ ಪರದೆಯ ಕಡೆ ತಿರುಗಿದ.

"ಹೊರಗಿಂದು ಮೊದಲು" ಎಂದು ಗೊಣಗಿದ. "ಒಳಗಿಂದು ಆಮೇಲೆ. ಥೂ. ತಿರುಗಾಮುರುಗಾ ಬರ್ದಿದೀನಿ." ಎರಡು ನಂಬರುಗಳ ಜಾಗ ಬದಲಿಸಿ, ಡಬ್ಬವನ್ನು ನಿಲ್ಲಿಸಿ, ಮತ್ತೆ ಓಡಿಸಿದ.

ಸಿದ್ದಬಸಪ್ಪನವರ ಮೊಬೈಲು ಅವರ ಕೈಯಲ್ಲೇ ಬೆಳಗಿತು. ಮೊಳ ದೂರ ಹಿಡಿದು ನೋಡಿದರು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಕಪ್ಪು ಹಲಗೆಯ ಮೇಲೆ ಕುಸುಮಾ ಬರೆದ ಕ್ರಮದಲ್ಲೇ, ಅದೇ ರೇಟು. ಎಲ್ಲರೂ ತಮ್ಮ ತಮ್ಮ ಮೊಬೈಲು ತೆಗೆದು ಲಿಂಕ್ ಒತ್ತಿದರು. ಬಾಳೆಕಾಯಿ ಗಾಡಿಯವನೂ ಪಕ್ಕದವನಿಂದ ಲಿಂಕ್ ಕೇಳಿ ಒತ್ತಿದ, ಅವನಿಗೂ ಬಂತು.

ರೇಟು ಬಿದ್ದಿಲ್ಲ ಎಂದು ಗೊತ್ತಾದ ಮೇಲೆ ಮಾರುವ ಆಸೆ ಯಾರಿಗೂ ಉಳಿಯಲಿಲ್ಲ. ತಂಗಮ್ಮ ಮುಷ್ಟಿಯ ಚೆರಿಯನ್ನು ಚೀಲಕ್ಕೆ ಹಾಕಿ, ಚೀಲದ ಬಾಯಿ ಬಿಗಿದು, ಕುಸುಮಾಳ ಮೇಜಿನ ಮುಂದೆ ನಿಂತು ಅವಳನ್ನೇ ನೋಡಿದರು. "ಇಷ್ಟು ದೊಡ್ಡ ಬಾಯಿ ಉಂಟಾ ನಿಂಗೆ? ಗೊತ್ತೇ ಇರ್ಲಿಲ್ಲ" ಎಂದು ಹೇಳಿ, ಹೊರಟುಹೋದರು.

ಡಬ್ಬ ಉಳಿಯಿತು. ಹೇಳಿದ ಮಾತು ಹೇಳಿದ್ದೇ ಎಂಬ ಹಟ ಸಿದ್ದಬಸಪ್ಪನವರದು, ಸಂಜೆಯೊಳಗೆ ಬಂದಿತ್ತಲ್ಲ. ಕುಸುಮಾ ಭಾನುವಾರ ವೀರಭದ್ರಸ್ವಾಮಿಗೆ ಕಾಯಿ ಒಡೆಸಿದಳು.

ಸೋಮವಾರ ಬೆಳಿಗ್ಗೆ ಹಲಗೆ ಒರೆಸುತ್ತಿದ್ದಾಗಲೇ ಫೋನು ಅಲ್ಲಾಡಿತು.

"ಕುಸುಮಾ, ತಂಗಮ್ಮ. ಮೊಬೈಲಲ್ಲಿ ರೇಟು ನೋಡಿದೆ. ಅದು ಸರಿ ಉಂಟಾ ಅಂತ ಕೇಳುವ ಅಂತ ಫೋನ್ ಮಾಡಿದ್ದು."

ಅದರ ಹಿಂದೆಯೇ ಪುಟ್ಟಸ್ವಾಮಿ. ಅವನಿಗೂ ಮೊಬೈಲಿನಲ್ಲಿ ಬಂದಿತ್ತು. ಬಂದದ್ದನ್ನು ಹೇಳಲು ಫೋನು ಮಾಡಿದ್ದ. ಆಮೇಲೆ ಗಂಗಣ್ಣ, ಕಾಫಿ ಗಿಡ ಒಂದೂ ಇಲ್ಲದವನು. "ಪೋರ್ಟು ಹೆಂಗಿದೆಯಮ್ಮ ಇವತ್ತು?" ಎಂದು, ಆಸ್ಪತ್ರೆಗೆ ಸೇರಿದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದ. ಮೊದಲು ರೇಟು ಕೇಳಲು ಫೋನು ಮಾಡುತ್ತಿದ್ದವರು ಈಗ ರೇಟು ನೋಡಿ ಫೋನು ಮಾಡುತ್ತಿದ್ದರು. ಮಧ್ಯಾಹ್ನದೊಳಗೆ ಫೋನು ಬಿಸಿಯಾಗಿ, ಕುಸುಮಾ ಅದನ್ನು ಮೇಜಿನ ಮೇಲಿಟ್ಟು ದೂರ ಕೂತು ನೋಡಿದಳು. ವೀರಭದ್ರಸ್ವಾಮಿಗೆ ತಾನು ಸರಿಯಾಗಿ ಬಿಡಿಸಿ ಕೇಳಿರಲಿಲ್ಲ ಎನ್ನಿಸಿತು.

ಕೂತು ನೋಡುತ್ತಿದ್ದವಳು ಹಾಗೇ ಎದ್ದು, ಸಿದ್ದಬಸಪ್ಪನವರ ಗಲ್ಲಾಪೆಟ್ಟಿಗೆಯ ಪಕ್ಕ ಬಂದು ನಿಂತಳು. ಅವಳಾಗಿಯೇ ಅಲ್ಲಿಗೆ ಬಂದದ್ದು ಅದೇ ಮೊದಲು.

"ಸಾವ್ಕಾರ್ರೆ, ಎಲ್ಲರೂ ಪೋರ್ಟ್ ವಿಷಯ ಕೇಳ್ತಾವ್ರೆ. ನಾನೇನಾದ್ರೂ ತಪ್ಪು ಹೇಳಿದ್ರೆ ಮತ್ತೆ ಪಿಕಪ್ ಬರ್ತವೆ."

ಸಿದ್ದಬಸಪ್ಪನವರು ಬೆಚ್ಚಿ ಬಾಗಿಲ ಕಡೆ ನೋಡಿದರು. "ಏನ್ಮಾಡಣ ಅಂತೀಯ?"

"ಹೊರಗಿನ ನಂಬರು ಅಂಗಡೀದೇ ಇರ್ಲಿ. ಅದಕ್ಕೆ ಬಂದೋರ್ನ ಒಳಗಿನ ನಂಬರಿಗೆ ಕಳಿಸಿದ್ರಾಯ್ತು. ಫೋನಲ್ಲೇ ಆಗುತ್ತೆ, ನೋಡಿದೀನಿ."

"ಒಳಗಿನ ನಂಬರು ಯಾವ್ದು?"

"ಪ್ರಕಾಶಣ್ಣಂದು."

ಸಿದ್ದಬಸಪ್ಪನವರಿಗೆ ಶನಿವಾರದ ಸಾಲು ಕಣ್ಣ ಮುಂದೆ ಬಂತು. "ಕಳ್ಸು" ಎಂದರು.

ಅಂಗಡಿಯ ಫೋನಿಗೆ ಬಂದ ಕರೆ ಮುಂದೆ ಹೋಗಬೇಕಾದ ಕಡೆ ಕುಸುಮಾ ಶಿವಪ್ರಕಾಶನ ನಂಬರು ಒತ್ತಿದಳು. ಹೊರಗಿನದು ಮೊದಲು, ಒಳಗಿನದು ಆಮೇಲೆ. ಫೋನು ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಸಂಜೆಯವರೆಗೂ ಸುಮ್ಮನಿತ್ತು. ಕಪಾಟಿನ ಸ್ಯಾಂಪಲ್ಲುಗಳ ಚೀಟಿಯನ್ನೆಲ್ಲ ಅವಳು ಬಿಚ್ಚಿ ಹೊಸದಾಗಿ ಕಟ್ಟಿದಳು. ಕುಶಾಲನಗರದಲ್ಲಿ ಬಿಡಿಭಾಗ ಬಂದ ಪ್ರಿಂಟರುಗಳೂ ಆ ದಿನ ಸುಮ್ಮನೆ ಕೂತಿದ್ದವು ಎಂದು ಆಮೇಲೆ ಗೊತ್ತಾಯಿತು.

ಎರಡು ದಿನ ಕಳೆದು ಪುಟ್ಟಸ್ವಾಮಿ ಹಲ್ಲು ಬಿಡುತ್ತ ಬಂದ. ಈ ಸಲ ರಸ್ತೆ ದಾಟಿಯೇ ಬಂದ.

"ಏನ್ ಸಾವ್ಕಾರ್ರೆ, ಒಂದು ಮಾತೂ ಹೇಳ್ಲಿಲ್ಲ! ನಿಮ್ಮ ಅಳಿಯಂಗೆ ಹೆಣ್ಣು ಗೊತ್ತಾಯ್ತಂತೆ? ನೆನ್ನೆ ಫೋನಲ್ಲಿ ಅವನೇ ಹ್ಞೂಂ ಅಂದ. ಊಟ ಯಾವಾಗ?"

ಸಿದ್ದಬಸಪ್ಪನವರು ಮೊಬೈಲನ್ನು ಮೊಳ ದೂರ ಹಿಡಿದು ಸೋದರಳಿಯನ ನಂಬರು ಹುಡುಕತೊಡಗಿದರು. ಕುಸುಮಾ ತಿರುಗಿ ನೋಡಲಿಲ್ಲ. ಕಪ್ಪು ಹಲಗೆಯ ಮೇಲೆ ‘ರೋಬಸ್ಟಾ ಚೆರಿ’ ಎಂದು ಬರೆಯುತ್ತಿದ್ದಳು. ನಗು ತಡೆಯಲು ಹೋಗಿ ಸೀಮೆಸುಣ್ಣ ಮುರಿದು, ಚೆರಿಯ ಬಾಲ ಮಾತ್ರ ಸ್ವಲ್ಪ ಉದ್ದವಾಯಿತು.